ಅಂಚು ಬಿಟ್ಟು

ಮನಾಮದ ಸೂಕಿನಲ್ಲಿ, ಗುಂಡಿ ಮಾರುವವರ ಓಣಿಯ ಮಹಡಿ ಮೇಲೆ
ನನ್ನ ರಿಪೇರಿ ಕೋಣೆ.
ಮಧ್ಯಾಹ್ನ ಮೂರಕ್ಕೆ ಇದಿನಬ್ಬ ಬಂದರು,
ತೋಬಿನ ಬಿಳಿ ಚೂರಿನಲ್ಲಿ ಸುತ್ತಿದ ಹಾರ್ಡ್ ಡಿಸ್ಕು,
ಉಪವಾಸದ ಒಣ ತುಟಿ.
ಹಬ್ಬಕ್ಕೆ ಒಂಬತ್ತು ದಿನ.

"ಹಿಲ್ಡಾಬಾಯಿ, ಇದರೊಳಗೆ
ಹತ್ತೊಂಬತ್ತು ವರ್ಷದ ಅಳತೆ ಉಂಟು.
ಫೋನು ಮಾಡ್ತಾರೆ, ಹೋದ ಸಲದ್ದೇ ಇರಲಿ ಅಂತಾರೆ, ಇಡ್ತಾರೆ.
ಮುನ್ನೂರು ಭುಜ ನನ್ನ ತಲೆಯಲ್ಲಿ ನಿಲ್ತದಾ?"

ಕಿವಿಯಿಟ್ಟೆ. ಟಕ್, ಟಕ್.
ಸೂಜಿ ಮುರಿದ ಮಿಷನ್ನನ್ನು ಯಾರೋ ಬರಿದೇ ತುಳಿದ ಹಾಗೆ.
ಇದನ್ನು ಹೆಚ್ಚು ಮುಟ್ಟಬಾರದು ಅಂದೆ.
ತಲೆಯಿಂದ ಬುಡದವರೆಗೆ
ಖಾಲಿ ಜಾಗವನ್ನೂ ಬಿಡದೆ
ಒಂದೇ ಕಡತಕ್ಕೆ ನಕಲು.
ಎರಡು ರಾತ್ರಿ ಹಿಡಿಯಿತು.
ಏಸಿಯ ನೀರು ಬಕೆಟ್ಟಿಗೆ, ಡಿಸ್ಕಿನ ಜೀವ ಕಡತಕ್ಕೆ,
ತೊಟ್ಟು ತೊಟ್ಟು.

ಆ ಕಡತವನ್ನು ಮೌಂಟ್ ಮಾಡು ಅಂದರೆ
ಲಿನಕ್ಸ್ ಒಪ್ಪಲಿಲ್ಲ.
ಇದು ಯಾವ ಬಗೆಯ ಫೈಲ್ ಸಿಸ್ಟಮ್ಮೋ ತಿಳಿಯದು ಅಂತು.
ಇದಿನಬ್ಬ ಗೋಡೆ ಹಿಡಿದು ಕೂತರು.

ಹಾಳಾಗಿಲ್ಲ, ತಪ್ಪು ನನ್ನದು.
ಇಡೀ ಥಾನನ್ನೇ ಅಂಗಿ ಅಂತ ತೊಡಿಸಲು ಹೋದೆ.
ಒಳಗೆ ಬೇರೆ ಬೇರೆ ತುಂಡು ಉಂಟು,
ಯಾವುದು ಎಲ್ಲಿಂದ ಅಂತ ಪಟ್ಟಿ ಕೇಳಬೇಕು.
ಎಫ್‌ಡಿಸ್ಕ್ ಹೇಳಿತು:
ಮೊದಲನೆಯದು ಎರಡು ಸಾವಿರದ ನಲವತ್ತೆಂಟರಿಂದ,
ಎರಡನೆಯದು ಎರಡು ಲಕ್ಷದ ಆರು ಸಾವಿರದ ಎಂಟುನೂರ ನಲವತ್ತೆಂಟರಿಂದ.

ಸೊನ್ನೆಯಿಂದ ಯಾಕಲ್ಲ ಅಂತ ವಿವರಿಸಲು ಬಾಯಿ ತೆರೆದೆ.
"ಅಂಚಿನಿಂದ ಯಾರು ಕತ್ತರಿಸ್ತಾರೆ ಬಾಯಿ?
ಅಲ್ಲಿ ಮಿಲ್ಲಿನ ಹೆಸರು ಇರ್ತದೆ."
ಮಿಲ್ಲಿನ ಹೆಸರು!
ಪಟ್ಟಿ ಕೂತಿರುವುದೂ ಅಲ್ಲೇ,
ಯಾರೂ ತೊಡದ ಆ ಅಂಚಿನಲ್ಲೇ.

"ಇದು ಗಜವೋ, ಇಂಚೋ?"
ಸೆಕ್ಟರು. ಲಿನಕ್ಸಿಗೆ ಬೈಟಿನಲ್ಲೇ ಹೇಳಬೇಕು,
ಒಂದಕ್ಕೆ ಐನೂರ ಹನ್ನೆರಡು.
ಅವರು ಕ್ಯಾಲ್ಕುಲೇಟರ್ ಕೇಳಲಿಲ್ಲ.
ರಟ್ಟಿನ ಮೇಲೆ ಚಾಕಿನಲ್ಲಿ ಗುಣಿಸಿದರು:
ಹತ್ತು ಕೋಟಿ ಐವತ್ತೊಂಬತ್ತು ಲಕ್ಷ
ಆರು ಸಾವಿರದ ನೂರ ಎಪ್ಪತ್ತಾರು.
ಪರೀಕ್ಷಿಸಿದೆ. ಒಂದು ನೂಲೂ ಹೆಚ್ಚುಕಮ್ಮಿ ಇಲ್ಲ.

ಅಷ್ಟು ದೂರ ಬಿಟ್ಟು ಶುರು ಮಾಡು ಅಂದೆ,
ಓದಲು ಮಾತ್ರ ಅಂತಲೂ ಸೇರಿಸಿದೆ.
"ಹಾಗೆಂದರೆ?"
ನೋಡಬಹುದು, ತಿದ್ದುವ ಹಾಗಿಲ್ಲ.
"ಟೇಪು ಉಂಟು, ಕತ್ತರಿ ಇಲ್ಲ."
ಎಂಟರ್ ಒತ್ತಿದೆ. ಪರದೆ ಏನೂ ಹೇಳಲಿಲ್ಲ.
ಲಿನಕ್ಸ್ ಸುಮ್ಮನಿದ್ದರೆ ಒಪ್ಪಿದೆ ಅಂತ.
"ನನ್ನ ಕಫೀಲನದ್ದು ಉಲ್ಟಾ," ಅಂದರು ಇದಿನಬ್ಬ.

ತೆರೆಯಿತು.
ಬೂ ಜಾಸಿಂ, ಕುತ್ತಿಗೆ ಹದಿನಾರೂವರೆ.
ಬೂ ಅಲಿ ಉದ್ದದವರು. ಬೂ ಅಲಿ ದಪ್ಪದವರು.
ಇವರು ತೀರಿಹೋದರು. ಇವರ ಹೊಟ್ಟೆ
ಪ್ರತಿ ಹಬ್ಬಕ್ಕೆ ಒಂದಿಂಚು ಮುಂದೆ.
ಎದೆ ಇಪ್ಪತ್ತೆರಡಿಂಚಿನ ಈ ಹುಡುಗ
ಈಗ ಮುಹರ್ರಕ್ಕಿನಲ್ಲಿ ಪೊಲೀಸು, ನಿನ್ನೆ ನನಗೇ ದಂಡ ಹಾಕಿದ.

ಒಂದು ಸಾಲಿನಲ್ಲಿ ಬೆರಳು ನಿಂತಿತು.
ಹೆಸರಿಲ್ಲ. 'ಹಸಿರು ಬೈಕಿನವ' ಅಂತಷ್ಟೇ,
ಮುಂಗಡ ಎರಡು ದಿನಾರು.
ಆರು ವರ್ಷದಿಂದ ಆ ತೋಬು
ಅಂಗಡಿಯ ಬಾಗಿಲ ಹಿಂದೆ ನೇತಾಡುತ್ತಿದೆ,
ಮಡಿಕೆ ಹಳದಿಯಾಗಿದೆ.
ಬೇರೆ ಯಾರ ಭುಜಕ್ಕೂ ಕೂರುವುದಿಲ್ಲ.

"ಇದೊಂದು ಅಳಿಸಿಬಿಡುವಾ?"
ಆಗುವುದಿಲ್ಲ, ಇದಿನಬ್ಬ. ಓದಲು ಮಾತ್ರ.
ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು.
"ಒಳ್ಳೇದಾಯ್ತು," ಅಂದರು.

ದೂರದಲ್ಲಿ ಇಫ್ತಾರಿನ ತೋಪು ಹಾರಿತು.
ಖರ್ಜೂರ ಒಂದು ಅವರಿಗೆ, ಒಂದು ನನಗೆ.
ಪೆನ್‌ಡ್ರೈವ್ ಜೇಬಿಗಿಳಿಸಿ, ಮೆಟ್ಟಿಲ ಬಳಿ ತಿರುಗಿ
ನನ್ನನ್ನು ಅಡಿಯಿಂದ ಮುಡಿಯವರೆಗಲ್ಲ,
ಭುಜದಿಂದ ಭುಜಕ್ಕೆ ನೋಡಿದರು.
"ಹದಿನಾಲ್ಕು. ಬಲಗಡೆ ಅರ್ಧ ಇಂಚು ಇಳಿದಿದೆ.
ಆ ಮೌಸನ್ನು ಸ್ವಲ್ಪ ದಿನ ಬಿಡಿ."