ಹೆಂಚಿನ ಕೆಳಮಗ್ಗುಲು

ಹನ್ನೊಂದು ದಿನದಿಂದ ಇದೇ ಮಳೆ.
ಗ್ಯೊಂಗ್‌ಜುವಿಗೆ ಬಂದ ಬಸ್ಸುಗಳೆಲ್ಲ
ಹೋಟೆಲುಗಳ ಮುಂದೆಯೇ ನಿಂತಿವೆ.
ಉದ್ಯಾನದಲ್ಲಿ, ಮುದುಕರು ಸೊಂಟ ತಿರುಗಿಸುವ ಕಬ್ಬಿಣದ ಚಕ್ರ
ಗಾಳಿಗೆ ತಾನೇ ಅರ್ಧ ಸುತ್ತಿ,
ಯೋಚಿಸಿ, ಹಿಂದೆ ಬರುತ್ತದೆ.
ಕೊಳದ ತಾವರೆ ಎಲೆಗಳು
ತುಂಬಿದ್ದನ್ನು ಸುರಿದು ಮತ್ತೆ ತುಂಬಿಸಿಕೊಳ್ಳುತ್ತಿವೆ.
ಸಾವಿರದಿನ್ನೂರು ವರ್ಷದ ಕಲ್ಲುಸ್ತೂಪ ಮಾತ್ರ
ಕೊಡೆ ಮರೆತು ಬಂದವರ ಹಾಗೆ ಸುಮ್ಮನೆ ನೆನೆಯುತ್ತಿದೆ.

ನಾನು ಹೆಂಚು ಮಾರುವವಳು.
ಬುದ್ಧನ ಸೂರಿಗೆ ಹೆಂಚು, ಒಂದಕ್ಕೆ ಹತ್ತು ಸಾವಿರ ವಾನ್,
ಬಿಳಿ ಬಣ್ಣದ ಪೆನ್ನು ನನ್ನದೇ.
ಅದರ ಉಬ್ಬಿದ ಹೊಟ್ಟೆಯ ಮೇಲೆ ಬರೆಯುತ್ತಾರೆ:
ಪರೀಕ್ಷೆ ಪಾಸಾಗಲಿ. ಮಂಡಿನೋವು ಹೋಗಲಿ.
ಒಬ್ಬ ಕಾರಿನ ನಂಬರನ್ನೂ ಬರೆದಿದ್ದ.

ಇವತ್ತು ಒಬ್ಬಳೇ ಗಿರಾಕಿ.
ಪ್ಲಾಸ್ಟಿಕ್ ಮಳೆಯಂಗಿ, ಒಳಗೆಲ್ಲೋ ಪುಟ್ಟ ಅಜ್ಜಿ,
ರಬ್ಬರ್ ಚಪ್ಪಲಿಯಲ್ಲಿ ನೀರು ಪಚಪಚ.
ರಸೀದಿಗೆ ಹೆಸರು ಕೇಳಿದೆ.
“ಪ್ಯೊ ಮಲ್ಸುನ್. ಮಲ್ ಅಂದರೆ ಕೊನೆ.
ಹೆಣ್ಣು ಇನ್ನು ಸಾಕು ಅಂತ ಅಪ್ಪ ಇಟ್ಟದ್ದು.
ಆಮೇಲೂ ಇಬ್ಬರು ಹುಟ್ಟಿದರು.”
ನಕ್ಕಳು; ನಾನೂ ನಗಬೇಕಾಯಿತು.

“ಬರೆದ ಮಗ್ಗುಲು ಮೇಲಕ್ಕೋ ಕೆಳಕ್ಕೋ?”
ಕೆಳಕ್ಕೆ, ಅಂದೆ. ಮಳೆ ಬೀಳುವುದು ಇನ್ನೊಂದು ಮೈಗೆ.
“ಹಾಗಾದರೆ ಯಾರೂ ಓದುವುದಿಲ್ಲ?”
ನೂರು ವರ್ಷದ ಮೇಲೆ ಹೆಂಚು ಇಳಿಸುವವನು ಓದಿಯಾನು.
“ಅಷ್ಟು ದಿನ ಸಾಕು” ಎಂದು ಕೂತಳು.

ಅರವತ್ತೆಂಟಕ್ಕೆ ಅಕ್ಷರ ಕಲಿತ ಕೈಯಂತೆ.
ಪಕ್ಕದ ಹುಡುಗಿ ಕಾಪಿ ಹೊಡೆದಾಳೆಂಬ ಹಾಗೆ
ಎಡಗೈ ಅಡ್ಡ ಇಟ್ಟು, ನಾಲಿಗೆ ಕಚ್ಚಿ,
ಮಂದಿರದ ಗಂಟೆ ಹೊಡೆಯುವವರೆಗೂ ಬರೆದಳು.
ಬಣ್ಣ ಒಣಗಲಿ ಅಜ್ಜಿ, ಅನ್ನುವಷ್ಟರಲ್ಲಿ
ಹೆಂಚನ್ನು ತಾನೇ ಬೋರಲು ಹಾಕಿ
ಬಸ್ಸು ತಪ್ಪೀತೆಂದು ಹೊರಟೇಬಿಟ್ಟಳು.
ಅದು ತೊಟ್ಟಿಲಿನಂತೆ ಎರಡು ಸಲ ತೂಗಿ
ನಿಂತಿತು.

ಸಂಜೆ ಎತ್ತಿ ನೋಡಿದೆ. ನೋಡಬಾರದಿತ್ತು.
ಹೆಂಚಿನಲ್ಲಿ ಬರೀ ಬಿಳಿ ಮಸುಕು.
ಕೆಳಗೆ ಹಾಸಿದ್ದ ಹಳೆಯ ಪತ್ರಿಕೆಯ ಮೇಲೆ,
ಮೊನ್ನೆಯ ಹವಾಮಾನದ ಮೇಲೆ,
ಸಾಲೆಲ್ಲ ಎಡಬಲ ತಿರುಗಿ ಕೂತಿತ್ತು.
ಓದಲಾಗಲಿಲ್ಲ, ಒಂದಕ್ಷರ ಬಿಟ್ಟು:
ಕನ್ನಡಿಯ ಒಳಗೂ ಹೊರಗೂ ಒಂದೇ ಆಗಿರುವ
ನಮ್ಮ ‘ಬೊಮ್’.
ವಸಂತ ಎಂದರ್ಥ. ನೋಡುವುದು ಎಂದೂ.
ಹೆಸರಾಗಿಯೂ ಇಡುತ್ತಾರೆ, ಹೆಣ್ಣುಮಗುವಿಗೆ.

ಹೆಂಚಿನ ಮೇಲೆ ಅದೊಂದನ್ನೇ ಮತ್ತೆ ತಿದ್ದಿದೆ.
ಈ ಹವೆಯಲ್ಲಿ ಏನೂ ಒಣಗುವುದಿಲ್ಲ.
ಫ್ಯಾನನ್ನು ಅದರ ಕಡೆ ತಿರುಗಿಸಿ
ಕೂತೆ.