ಖಾಲಿ ಮೂಲೆ

ಕ್ಯಾತಮಾರನಹಳ್ಳಿಯ ನಮ್ಮ ನಡುಮನೆಯಲ್ಲಿ
ಬೆಳಕಿಂಡಿಯ ಬಿಸಿಲು ಓರೆಯಾಗಿ ಇಳಿದಾಗಲೇ
ಗಾಳಿಯಲ್ಲಿ ಮಸಿಯಿದೆಯೆಂದು ಗೊತ್ತಾಗುವುದು.
ಅಲ್ಲಿಯತನಕ ಅದನ್ನು ಉಸಿರೆಂದೇ ತಿಳಿದಿರುತ್ತೇವೆ.

ಅವ್ವ, ನಿಂಗಾಜಮ್ಮ, ಮಣೆಯ ಮುಂದೆ ಕಾಲು ಚಾಚಿ
ಇದ್ದಿಲ ಪುಡಿಗೆ ಜಿಗಟು ಬೆರೆಸಿ ನಾದಿ
ಬಿದಿರುಕಡ್ಡಿಯ ಮೇಲೆ ಅಂಗೈ ಒಂದು ಸಲ ಓಡಿಸಿದರೆ
ಒಂದು ಊದುಬತ್ತಿ. ಸಾವಿರಕ್ಕೆ ಇಷ್ಟು ಎಂದು ಲೆಕ್ಕ.
ಗೋಡೆಗೆ ಬೆನ್ನು ಕೊಟ್ಟು ನಾನು
ಮಾನಸಗಂಗೋತ್ರಿಯಲ್ಲಿ ಅಚ್ಚುಹಾಕಿಸಿದ ಹಾಳೆ ಹರವಿಕೊಂಡಿದ್ದೇನೆ.
ಮಸಿ ಇಬ್ಬರದೂ ಒಂದೇ: ಅಲ್ಲಿಯ ಧೂಳಲ್ಲೂ ಇಂಗಾಲವಿದೆ.

"ಏನದೆ ಅದ್ರಲ್ಲಿ?"

ಹೇಳಿದೆ: ಗೆಲಾಕ್ಸಿಯ ನಡುವೆ ಒಂದು ಬಾಯಿ. ಸುತ್ತ
ಕೊಡದ ಕೆಳಗಿನ ಸಿಂಬಿಯ ಹಾಗೆ ಧೂಳು, ಅನಿಲ.
ಬಾಯಿ ನುಂಗುತ್ತದೆ. ನುಂಗುವ ತುತ್ತು ಕಾದು ಬೆಳಗುತ್ತದೆ.
ಆ ಬೆಳಕೇ ಮುಂದಿನ ತುತ್ತನ್ನು ಹಿಂದಕ್ಕೆ ನೂಕುತ್ತದೆ.

"ಬೆಳಕು ನೂಕ್ತದಾ?"
ಬಿಸಿಲಿನ ಕೋಲಿಗೆ ಅಂಗೈ ಒಡ್ಡಿ ನೋಡಿದಳು.
ಏನೂ ಆಗಲಿಲ್ಲ. ಆಗುವುದೂ ಇಲ್ಲ, ಇಲ್ಲಿ.
ಅಲ್ಲೂ ಬರಿಯ ಅನಿಲ ಬೆಳಕಿನ ಕೈಗೆ ಸಿಕ್ಕುವುದು ಕಮ್ಮಿ,
ನುಣುಚಿಕೊಳ್ಳುತ್ತದೆ. ಧೂಳಿಗೆ ಮೈಯಿದೆ;
ಸಿಕ್ಕಿಬಿದ್ದು, ಹೋಗುವಾಗ
ಅನಿಲದ ಸೆರಗನ್ನೂ ಹಿಡಿದೆಳೆದುಕೊಂಡು ಹೋಗುತ್ತದೆ.
ತೀರಾ ಹತ್ತಿರ ಬಂದ ಧೂಳು ಧೂಳಾಗಿ ಉಳಿಯದು.
ತೀರಾ ದಟ್ಟವಾದದ್ದು ಜಗ್ಗದು.
ಮಿಕ್ಕಿದ್ದು ಸಿಂಬಿಯ ಕಣ್ಣಿನಿಂದ ಮೇಲಕ್ಕೆ, ಕೆಳಕ್ಕೆ,
ತೆಳ್ಳಗೆ, ಉದ್ದಕ್ಕೆ...

"ಊದುಬತ್ತಿ ಹೊಗೆ ಹಂಗೆ," ಅಂದಳು.
ಅಲ್ಲ ಅನ್ನಬೇಕಿತ್ತು. ಹೊಗೆ ಏಳುವುದು ಬಿಸಿಗಾಳಿಗೆ, ಬೆಳಕಿಗಲ್ಲ.
ಅನ್ನಲಿಲ್ಲ.

ಆಮೇಲೆ ಹಾಳೆಯ ಮೇಲೆ ಬಗ್ಗಿದಳು.
ಎಂಟುನೂರು ಚುಕ್ಕಿ, ಒಂದೊಂದೂ ಒಂದು ಗೆಲಾಕ್ಸಿ:
ಅಡ್ಡಕ್ಕೆ ಬೆಳಕಿನ ಬಿರುಸು, ಉದ್ದಕ್ಕೆ ಧೂಳಿನ ದಟ್ಟಣೆ.
ದಿನಾ ಬಾಗಿಲಿಗೆ ರಂಗೋಲಿ ಇಡುವವಳ ಕಣ್ಣು
ಇಟ್ಟ ಚುಕ್ಕಿ ನೋಡುವುದಿಲ್ಲ, ತಪ್ಪಿದ್ದನ್ನು ನೋಡುತ್ತದೆ.
"ಈ ಮೂಲೇಲಿ ಯಾಕವ್ವ ಇಕ್ಕಿಲ್ಲ?"

ಇಕ್ಕಲು ಏನೂ ಇರಲಿಲ್ಲ. ಧೂಳು ಅಲ್ಲಿಗೆ ಬಂದರೂ
ಬಹಳ ಕಾಲ ನಿಲ್ಲದು, ಬೆಳಕು ಗುಡಿಸಿಬಿಡುತ್ತದೆ.
ಎರಡು ವರ್ಷದ ನನ್ನ ದುಡಿಮೆಯೆಲ್ಲ
ಆ ಖಾಲಿ ಮೂಲೆಯೇ, ಅಂದೆ.

ಏಳೆಂಟು ಕಡ್ಡಿ ಹೊಸೆಯುವಷ್ಟು ಹೊತ್ತು ಸುಮ್ಮನಿದ್ದಳು.
"ಗುಡ್ಸಿದ್ ಕಸವ ಎಲ್ಲಿಗೆ ಹಾಕ್ತು?"

ಒಂದಿಷ್ಟು ತಿರುಗಿ ಬೀಳುತ್ತದೆ,
ಒಂದಿಷ್ಟು ಗೆಲಾಕ್ಸಿಯ ಹೊಸಿಲನ್ನೇ ದಾಟುತ್ತದೆ,
ಎಷ್ಟು, ಎಲ್ಲಿಯವರೆಗೆ... ಬಾಯಿ ತೆರೆದೆ, ಮುಚ್ಚಿದೆ.
ಹಾಳೆಯ ಅಂಚಿಗೆ ಪೆನ್ಸಿಲ್ಲಿನಲ್ಲಿ
ಅವಳ ಮಾತನ್ನೇ ಬರೆದುಕೊಂಡೆ.

ಬಿಸಿಲಿನ ಕೋಲು ಗೋಡೆ ಹತ್ತಿ ಸಣ್ಣಗಾಯಿತು.
ಕಂತೆ ಕಟ್ಟಿ ಎದ್ದವಳು ಹಾಳೆ ಎತ್ತಿಕೊಟ್ಟಾಗ
ಸರಿಯಾಗಿ ಆ ಮೂಲೆಗೇ ಹೆಬ್ಬೆರಳ ಮಸಿ ತಾಗಿತು.
ರಬ್ಬರಿನಿಂದ ಉಜ್ಜಿದೆ. ಪೂರ್ತಿ ಹೋಗಲಿಲ್ಲ.

ಸೋಮವಾರ ಗೈಡು ಕನ್ನಡಕ ಏರಿಸಿ ಕೇಳಿದರು:
ಇದು ಯಾವ ಗೆಲಾಕ್ಸಿ?