ವೈಪರ್ ಮೋಟಾರು

ಪಣಜಿಯ ಆ ಹಾಲಿನ್ಯಾಗ
ಕರೀ ಗೆರಿ ಹಿಡದು ಹೊಂಟಿತ್ತು ದಿಲ್ಶಾದಳ ಗಾಡಿ:
ನನ್ನ ಗುಜರಿ ಅಂಗಡಿಯ ವೈಪರ್ ಮೋಟಾರು,
ಉಪ್ಪಿನಕಾಯಿ ಡಬ್ಬಿ ಮುಚ್ಚಳದ ಗಾಲಿ.

ಎರಡನೇ ತಿರುವಿನ್ಯಾಗ ನಿಂತೇಬಿಡ್ತು,
ಹಟ ಹಿಡದ ಎತ್ತಿನಂಗ.
ಬಾಜೂ ಸಾಲಿ ಹುಡುಗರದು, ಪೆಟ್ಟಿಗ್ಯಾಗ ತರಿಸಿದ್ದು,
ಸುಂಯ್ ಅಂತ ದಾಟಿ ಹೋತು.
ಚಪ್ಪಾಳಿ.

ಅಳತಾಳ ಅಂತ ಕರ್ಚೀಪು ತಗದೆ.
ಆಕಿ ಸ್ಕ್ರೂಡ್ರೈವರ್ ಕೇಳಿದಳು.

ವಾಸ್ಕೋ ಬಸ್ಸಿನ್ಯಾಗ, ತೊಡಿ ಮ್ಯಾಲ
ಅದರ ಹೊಟ್ಟಿ ಬಿಚ್ಚಿ, ಮೂಸಿ ನೋಡಿ,
"ಸುಟ್ಟ ವಾಸನಿ. ತಂತಿ ಸಣ್ಣದಾತು ಅಬ್ಬಾ,"
ಅಂದಳು. ಸೋಲಿನ ಸುದ್ದಿ ಎತ್ತಲಿಲ್ಲ.

ಜುವಾರಿ ಸೇತುವಿ ಮ್ಯಾಲ ಮಳಿ ಹಿಡೀತು.
ಮುಂದಿನ ಗಾಜಿನ್ಯಾಗ ವೈಪರು ಕಟಕ್, ಕಟಕ್,
ಆಕಿ ಕಣ್ಣು ಅದರ ಜೋಡಿ ಆಚೀಚೆ.

ನಾ ಆಕಿ ಕೈಯಾನ ಸ್ಕ್ರೂಡ್ರೈವರ್
ಮೆಲ್ಲಕ ಇಸಗೊಂಡು ಕಿಸೇದಾಗ ಇಟ್ಟೆ.